ಟ್ರಿನಿಡಾಡ್ ದ್ವೀಪದ ಚಟ್ನೀಗಾನ: ಒಂದು ದೇಶೀವಿಚಾರ

೧. ಉಪೋದ್ಘಾತ

ಸಂಗೀತಶಾಸ್ತ್ರಕಾರರು ಗಾನವನ್ನು ಮಾರ್ಗವೆಂದೂ ದೇಶಿಯೆಂದೂ ಎರಡು ಬಗೆಯಾಗಿ ವಿಂಗಡಿಸಿರುವರು. ಪೂರ್ವಾಚಾರ್ಯರಿಂದ ಬಂದುದು, ನಿಯಮಬದ್ಧವಾದುದು ಮಾರ್ಗ. ಆಯಾ ದೇಶದ ಜನರು ತಮ್ಮ ತಮ್ಮ ರುಚಿಗೆ ತಕ್ಕಂತೆ ಹಾಡಿ, ಬಾರಿಸಿ, ಕುಣಿದು ತಮ್ಮ ಹೃದಯವನ್ನು ರಂಜಿಸಿಕೊಳ್ಳುವುದು ದೇಶಿ. ಮತಂಗನ ಗ್ರಂಥಕ್ಕೆ ಬೃಹದ್ದೇಶಿಯೆಂಬ ಹೆಸರು ಬಂದಿರುವುದೇ ಈ ಎರಡನೆಯದರ ಮಹತ್ತ್ವವನ್ನು ಸೂಚಿಸುತ್ತದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ಮೊದಲಿನಲ್ಲಿಯೇ ಈ ವಿಭಾಗವನ್ನು ಹೇಳಿ ಮುಂದುವರಿಯುವನು. ಕನ್ನಡ ಕವಿಗಳಿಗೂ ಮಾರ್ಗ ದೇಶಿಗಳ ಮಾತು ಹೊಸದಲ್ಲ. ಪಂಪನು ಇವೆರಡರ ಹೊಂದಿಕೆಯನ್ನೇ ಕಾವ್ಯಕ್ಕೆ ಬಯಸಿದನೆಂಬುದು ಸುವಿದಿತವಾದ ವಿಷಯ.

ಆದರೆ ಈ ಲಕ್ಷಣದಲ್ಲಿ ಒಂದು ಮಾತು ವಿಚಾರಾರ್ಹವಾಗಿದೆ. ದೇಶಿಗೆ ಆಧಾರವಾದುದು ದೇಶವಷ್ಟೆ. ಒಂದು ಜನವು ತಾನು ಹುಟ್ಟಿದ ದೇಶವನ್ನು ಬಿಟ್ಟು, ಸಾಗರವನ್ನು ದಾಟಿ, ಭಾಷೆಯೂ ಮತವೂ ಬೇರೆಯಾದ ಮತ್ತೊಂದು ನೆಲದಲ್ಲಿ ನಾಲ್ಕೈದು ತಲೆಮಾರುಗಳ ಕಾಲ ನೆಲಸಿದರೆ, ಅದರ ಹಾಡು ಯಾವ ದೇಶದ ದೇಶಿ? ಬಿಟ್ಟು ಬಂದ ದೇಶದ್ದೋ, ಸೇರಿದ ದೇಶದ್ದೋ, ಅಥವಾ ಎರಡಕ್ಕೂ ಸೇರದ ಸಂಕರವೋ? ಈ ಪ್ರಶ್ನೆಯು ಶಾಸ್ತ್ರಕಾರರ ಮುಂದೆ ಬಂದಿರಲಿಲ್ಲ. ಆದರೆ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಇದು ಲಕ್ಷಾಂತರ ಜನರ ಬಾಳಿನ ಪ್ರಶ್ನೆಯಾಗಿದೆ. ಅಲ್ಲಿಯ ಭಾರತೀಯ ಮೂಲದವರು ಬೆಳೆಸಿಕೊಂಡಿರುವ 'ಚಟ್ನಿ' ಎಂಬ ಗಾನಪ್ರಕಾರದ ಉತ್ಪತ್ತಿಯನ್ನೂ ಬೆಳವಣಿಗೆಯನ್ನೂ ಅದನ್ನು ಕುರಿತು ಎದ್ದ ವಾದವನ್ನೂ ನಿರೂಪಿಸಿ, ಮೇಲ್ಕಂಡ ಪ್ರಶ್ನೆಗೆ ದೊರೆಯಬಹುದಾದ ಉತ್ತರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ವಲಸೆಯ ವೃತ್ತಾಂತ

ಟ್ರಿನಿಡಾಡ್ ದ್ವೀಪವು ದಕ್ಷಿಣ ಅಮೆರಿಕದ ಈಶಾನ್ಯ ತೀರದಲ್ಲಿ, ವೆನೆಜುವೆಲಾ ದೇಶಕ್ಕೆ ಅತಿ ಸಮೀಪದಲ್ಲಿದೆ. ಆಂಗ್ಲರ ಆಳ್ವಿಕೆಯಲ್ಲಿದ್ದಾಗ ಅದರ ಐಶ್ವರ್ಯವು ಕಬ್ಬಿನ ತೋಟಗಳನ್ನೂ, ಆ ತೋಟಗಳು ಆಫ್ರಿಕದಿಂದ ತಂದ ದಾಸರ ದುಡಿಮೆಯನ್ನೂ ಅವಲಂಬಿಸಿದ್ದಿತು. ೧೮೩೩ರ ಶಾಸನದ ಮೇರೆಗೆ ೧೮೩೪ನೆಯ ಆಗಸ್ಟ್ ೧ರಿಂದ ದಾಸ್ಯವು ರದ್ದಾಗಿ, ೧೮೩೮ರಲ್ಲಿ ದಾಸರು ಪೂರ್ಣವಾಗಿ ಸ್ವತಂತ್ರರಾದರು. ಬಿಡುಗಡೆ ಹೊಂದಿದವರಲ್ಲಿ ಅನೇಕರು ಹಳೆಯ ತೋಟಗಳಲ್ಲಿ ಹಳೆಯ ಕೂಲಿಗೆ ದುಡಿಯಲೊಲ್ಲದೆ ಹೋದರು. ತೋಟದ ಒಡೆಯರು ಅಗ್ಗದ ಕೈಗಳನ್ನು ಅರಸುತ್ತ ಭಾರತದ ಕಡೆಗೆ ದೃಷ್ಟಿಯನ್ನು ಹರಿಸಿದರು.

೧೮೪೫ನೆಯ ಮೇ ೩೦ರಂದು 'ಫತೇಲ್ ರಜಾಕ್' ಎಂಬ ಹಡಗು ಸುಮಾರು ೨೨೫ ಮಂದಿ ಭಾರತೀಯರನ್ನು ಹೊತ್ತು ಟ್ರಿನಿಡಾಡನ್ನು ಮುಟ್ಟಿತು. ಅಂದಿನಿಂದ ೧೯೧೭ರವರೆಗೆ ಸುಮಾರು ೧,೪೪,೦೦೦ ಮಂದಿ ಈ ಒಂದು ದ್ವೀಪಕ್ಕೆ ಬಂದರು. ನೆರೆಯ ಬ್ರಿಟಿಷ್ ಗಯಾನಕ್ಕೆ ಬಂದವರು ಸುಮಾರು ೨,೩೯,೦೦೦; ಡಚ್ಚರ ವಶದಲ್ಲಿದ್ದ ಸುರಿನಾಮಿಗೆ ೧೮೭೩ರಿಂದ ೧೯೧೬ರವರೆಗೆ ಬಂದವರು ಸುಮಾರು ೩೪,೦೦೦. ಬಹುಪಾಲು ಜನರು ಇಂದಿನ ಉತ್ತರ ಪ್ರದೇಶದ ಪೂರ್ವಭಾಗದವರೂ ಬಿಹಾರದವರೂ ಆಗಿದ್ದು ಕಲ್ಕತ್ತೆಯಲ್ಲಿ ಹಡಗು ಹತ್ತಿದವರು. ಮದರಾಸಿನಿಂದ ಹೊರಟ ತಮಿಳರೂ ತೆಲುಗರೂ ಇದ್ದರಾದರೂ ಅವರ ಸಂಖ್ಯೆ ಅಲ್ಪವಾಗಿತ್ತು.

ಇವರು ಬಂದುದು ಐದು ವರ್ಷಗಳ ಕರಾರಿನ ಮೇಲೆ. 'ಅಗ್ರಿಮೆಂಟ್' ಎಂಬ ಆಂಗ್ಲ ಶಬ್ದವು ಇಂತಹ ಕೂಲಿಗಾರರ ಬಾಯಲ್ಲಿ 'ಗಿರ್ಮಿಟ್' ಎಂದಾಯಿತು. ಕರಾರಿಗೆ ಒಳಪಟ್ಟವನು ಚೀಟಿಯಿಲ್ಲದೆ ತೋಟದ ಎಲ್ಲೆಯನ್ನು ದಾಟಿದರೆ ಅದು ಅಪರಾಧ. ಕೆಲಸಕ್ಕೆ ತಪ್ಪಿದರೆ ಸೆರೆಮನೆ. ದಾಸ್ಯದ ಹೆಸರು ಅಳಿದರೂ ಅದರ ಛಾಯೆ ಉಳಿದಿದ್ದಿತು. ಹಡಗಿನ ಇಕ್ಕಟ್ಟಿನಲ್ಲಿ ಜಾತಿನಿಯಮಗಳು ಸಡಿಲಗೊಂಡು, ಒಂದೇ ಹಡಗಿನಲ್ಲಿ ಬಂದವರು 'ಜಹಾಜೀ ಭಾಯಿ'ಗಳಾದರು. ಒಡಹುಟ್ಟಿದವರ ಬಾಂಧವ್ಯಕ್ಕೆ ಸಮಾನವೆಂದು ಭಾವಿಸಲ್ಪಟ್ಟ ಈ ಸಂಬಂಧವೇ ಹೊಸ ಸಮಾಜಕ್ಕೆ ಅಸ್ತಿಭಾರವಾಯಿತು. ಕರಾರು ಮುಗಿದ ಬಳಿಕ ಕೆಲವರು ಹಿಂದಿರುಗಿದರು. ಹೆಚ್ಚಿನವರು ಅಲ್ಲಿಯೇ ಉಳಿದರು. ೨೦೧೧ರ ಜನಗಣತಿಯಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ರಾಜ್ಯದ ಪ್ರಜೆಗಳಲ್ಲಿ ಭಾರತೀಯ ಮೂಲದವರು ನೂರಕ್ಕೆ ೩೫.೪, ಆಫ್ರಿಕ ಮೂಲದವರು ನೂರಕ್ಕೆ ೩೪.೨ ಇದ್ದರು. ಎರಡು ಜನಾಂಗಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮನಾಗಿ ನಿಂತಿರುವ ಈ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದೆ ಹೇಳುವ ವಾದದ ಕಾವು ವಾಚಕರಿಗೆ ತಿಳಿಯಲಾರದು.

೩. ಉಳಿದ ಹಾಡು, ಅಳಿದ ಭಾಷೆ

ಬಂದವರ ಮಾತು ಭೋಜಪುರಿ, ಅವಧಿ ಮೊದಲಾದ ನುಡಿಗಳು. ತೋಟಗಳ ವಸತಿಸಾಲುಗಳಲ್ಲಿ ಇವೆಲ್ಲವೂ ಬೆರೆತು ಭೋಜಪುರಿಯೇ ಪ್ರಧಾನವಾದ ಒಂದು ಸಾಮಾನ್ಯ ಭಾಷೆಯಾಯಿತು. ೧೮೬೮ರಲ್ಲಿ ಕೆನಡಾದ ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಮಾರ್ಟನ್ ಎಂಬಾತನು ಭಾರತೀಯರ ಮಕ್ಕಳಿಗಾಗಿ ಮಿಷನ್ ಕಾರ್ಯವನ್ನು ಪ್ರಾರಂಭಿಸಿದನು. ಮಿಷನ್ ಶಾಲೆಗಳಿಂದ ವಿದ್ಯೆ ಹಬ್ಬಿತು. ಅದರೊಡನೆ ಆಂಗ್ಲಭಾಷೆಯೂ ಹಬ್ಬಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಮೊಮ್ಮಕ್ಕಳು ಅಜ್ಜಿಯ ಮಾತನ್ನು ಅರ್ಥಮಾಡಿಕೊಳ್ಳುವರು, ಆದರೆ ಆಡಲಾರರು ಎಂಬ ಸ್ಥಿತಿ ಬಂದಿತು. ಬಳಿಕ ಅರ್ಥಮಾಡಿಕೊಳ್ಳುವವರೂ ವಿರಳರಾದರು.

ಸಾಮಾನ್ಯವಾಗಿ ಭಾಷೆ ಅಳಿದರೆ ಅದರೊಡನೆ ಹಾಡೂ ಅಳಿಯಬೇಕು. ಟ್ರಿನಿಡಾಡಿನಲ್ಲಿ ಹಾಗಾಗಲಿಲ್ಲ. ಪೂಜೆ, ಮದುವೆ, ಫಗುವಾ ಎಂದು ಅಲ್ಲಿ ಕರೆಯಲ್ಪಡುವ ಹೋಳಿ, ರಾಮಲೀಲೆ ಇವುಗಳ ಮೂಲಕ ಹಾಡು ಉಳಿಯಿತು. ಹೋಳಿಯಲ್ಲಿ ಗಾಯಕರು ಎರಡು ಸಾಲಾಗಿ ಎದುರುಬದುರು ಕುಳಿತು ಧೋಲಕ್ ಮತ್ತು ತಾಳಗಳೊಡನೆ ಒಬ್ಬರಿಗೊಬ್ಬರು ಉತ್ತರ ಕೊಡುತ್ತ ಹಾಡುವ 'ಚೌತಾಲ್' ಇಂದಿಗೂ ಬಳಕೆಯಲ್ಲಿದೆ. ಅರ್ಥವು ಮಸುಕಾದರೂ ಶಬ್ದ, ಲಯ, ಸಂದರ್ಭ ಈ ಮೂರು ಕೂಡಿ ಹಾಡನ್ನು ಹಿಡಿದುಕೊಂಡವು. ಅರ್ಥವನ್ನರಿಯದೆಯೇ ಅಧ್ಯಯನ ಪರಂಪರೆಯಿಂದ ಶಬ್ದವನ್ನು ಕಾಪಾಡಿದ ಉದಾಹರಣೆ ಭಾರತದ ವಿದ್ಯಾಸಂಪ್ರದಾಯದಲ್ಲಿಯೇ ಇರುವುದರಿಂದ ಇದು ಅಸಂಭಾವ್ಯವೆಂದು ತೋರಬೇಕಾಗಿಲ್ಲ. ಅಲ್ಲಿ ಗುರುಕುಲವು ಮಾಡಿದ ಕಾರ್ಯವನ್ನು ಇಲ್ಲಿ ಮದುವೆಯ ಮನೆಯು ಮಾಡಿತು, ವ್ಯತ್ಯಾಸವಿಷ್ಟೆ.

ಮದುವೆಯ ಮನೆಗೆ ಇಷ್ಟು ಪ್ರಾಧಾನ್ಯ ಬಂದುದಕ್ಕೆ ಬೇರೊಂದು ಕಾರಣವೂ ಉಂಟು. ಹಿಂದೂ ಸಂಪ್ರದಾಯದಂತೆ ನಡೆದ ವಿವಾಹವನ್ನು ಟ್ರಿನಿಡಾಡಿನ ಕಾನೂನು ಬಹುಕಾಲ ಮಾನ್ಯ ಮಾಡಿರಲಿಲ್ಲ. ೧೯೪೫ರಲ್ಲಿ ಅದಕ್ಕಾಗಿ ಶಾಸನವಾಗುವವರೆಗೂ, ಸರ್ಕಾರದ ದಾಖಲೆಯಲ್ಲಿ ನೋಂದಣಿಯಾಗದ ದಂಪತಿಗಳು ಕಾನೂನಿನ ದೃಷ್ಟಿಯಲ್ಲಿ ದಂಪತಿಗಳಲ್ಲ. ಅವರ ಮಕ್ಕಳು ನ್ಯಾಯಸಮ್ಮತ ಸಂತಾನವಲ್ಲ. ಹೀಗಿರಲು ಮದುವೆಗೆ ಸಾಕ್ಷಿಯಾಗಿದ್ದುದು ಅಗ್ನಿ ಮತ್ತು ಊರವರು. ಊರವರನ್ನು ಕೂಡಿಸುತ್ತಿದ್ದುದು ವಾದ್ಯ ಮತ್ತು ಹಾಡು. ರಾಜ್ಯವು ಕೊಡದಿದ್ದ ಮನ್ನಣೆಯನ್ನು ತಾಸಾ ವಾದ್ಯದ ಧ್ವನಿಯು ಕೊಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು.

೪. ಮಟಿಕೋರ್

ಚಟ್ನೀಗಾನದ ಮೂಲಗಳಲ್ಲಿ ಮುಖ್ಯವಾದುದು ಮದುವೆಯ ಪೂರ್ವಾಂಗವಾದ 'ಮಟಿಕೋರ್' ಎಂಬ ಸ್ತ್ರೀಯರ ಆಚರಣೆ. ಮಟಿ ಎಂದರೆ ಮಣ್ಣು, ಕೋರ್ ಎಂದರೆ ಅಗೆಯುವುದು. ಭಾನುವಾರದ ಮದುವೆಗೆ ಮುಂಚಿನ ಶುಕ್ರವಾರ ರಾತ್ರಿ ಸ್ತ್ರೀಯರು ಮೆರವಣಿಗೆಯಾಗಿ ನೀರಿನ ಬಳಿಗೆ ಹೋಗಿ, ಭೂದೇವಿಯನ್ನು ಪೂಜಿಸಿ, ಮಣ್ಣನ್ನು ಅಗೆದು ಮಂಗಳಕಾರ್ಯಕ್ಕೆ ತರುವರು. ಅಂಕುರಾರ್ಪಣಕ್ಕೆ ಮೊದಲು ಮಾಡುವ ಮೃತ್ಸಂಗ್ರಹಣವನ್ನು ಬಲ್ಲವರಿಗೆ ಈ ಕರ್ಮದ ಸ್ವರೂಪವು ಅಪರಿಚಿತವಾಗಿ ಕಾಣಿಸದು.

ಮಣ್ಣನ್ನು ತಂದ ಬಳಿಕ ಪುರುಷರಿಗೆ ಪ್ರವೇಶವಿಲ್ಲದ ಆವರಣದಲ್ಲಿ ಹಾಡು ಕುಣಿತಗಳು ನಡೆಯುವುವು. ಮುದುಕಿಯರೂ ಮುತ್ತೈದೆಯರೂ ಧೋಲಕಿನ ಬಡಿತಕ್ಕೆ ಸರಿಯಾಗಿ ನಡುವನ್ನು ಬಳುಕಿಸಿ ಕುಣಿಯುವರು. ದಾಂಪತ್ಯದ ರಹಸ್ಯಗಳನ್ನು ಅಭಿನಯಿಸಿ ವಧುವಿಗೆ ತಿಳಿಸುವರು. ಬೀಗರನ್ನೂ ಅತ್ತೆ ಮಾವಂದಿರನ್ನೂ ಹಾಡಿನಲ್ಲಿ ಅಣಕಿಸುವರು. ಕನ್ನಡನಾಡಿನ ಮದುವೆಗಳಲ್ಲಿ ಸೋಬಾನೆಯ ಜೊತೆಗೆ ಬೀಗರನ್ನು ಹಾಸ್ಯಮಾಡುವ ಹಾಡುಗಳು ಇರುವಂತೆಯೇ ಇದೂ ಮಂಗಳಕ್ಕೆ ಅಂಗವಾದ ಹಾಸ್ಯ. ದಿನವೆಲ್ಲ ಕಬ್ಬಿನ ಗದ್ದೆಯಲ್ಲಿ ಬೆನ್ನು ಬಾಗಿಸಿ, ಮನೆಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ ಹೆಂಗಸರಿಗೆ ಈ ಒಂದು ರಾತ್ರಿ ತಮ್ಮದಾಗಿತ್ತು. ಈ ಹಾಡುಗಳ ವೇಗ, ಪಲ್ಲವಿಯ ಆವರ್ತನೆ, ಶೃಂಗಾರಮಿಶ್ರಿತವಾದ ಹಾಸ್ಯ ಇವೇ ಮುಂದೆ ಚಟ್ನೀಗಾನದ ಲಕ್ಷಣಗಳಾದವು.

೫. ವಾದ್ಯಗಳು

ಚಟ್ನೀಗಾನಕ್ಕೆ ಮೂಲತಃ ಬೇಕಾದ ವಾದ್ಯಗಳು ಮೂರು: ಹಾರ್ಮೋನಿಯಂ, ಧೋಲಕ್, ಧಂತಾಲ್. ಇವುಗಳಲ್ಲಿ ಕಡೆಯದು ವಿಶೇಷವಾಗಿ ಗಮನಾರ್ಹವಾಗಿದೆ. ಧಂತಾಲವೆಂಬುದು ಉದ್ದವಾದ ಒಂದು ಉಕ್ಕಿನ ಸಲಾಕೆ. ಅದನ್ನು ನೆಟ್ಟಗೆ ಹಿಡಿದು ಕುದುರೆಯ ಲಾಳದ ಆಕಾರದ ಲೋಹದ ತುಂಡಿನಿಂದ ಬಡಿಯುವರು. ಎಡಗೈಯ ಮುಷ್ಟಿಯನ್ನು ಬಿಗಿದು ಸಡಿಲಿಸುವುದರಿಂದ ನಾದವು ಕುಂಠಿತವಾಗಿಯೂ ಮುಕ್ತವಾಗಿಯೂ ಹೊರಡುವುದು. ಭಾರತದಲ್ಲಿ ಸಾಮಾನ್ಯರು ಹೆಸರು ಕೂಡ ಕೇಳದ ಈ ವಾದ್ಯವು ಟ್ರಿನಿಡಾಡ್, ಗಯಾನ, ಸುರಿನಾಮುಗಳಲ್ಲಿ ಭಾರತೀಯತೆಯ ಗುರುತಾಗಿ ನಿಂತಿದೆ. ಮೂಲದಲ್ಲಿ ಅಪ್ರಧಾನವಾದುದು ವಲಸೆಯಲ್ಲಿ ಪ್ರಧಾನವಾಗುವುದಕ್ಕೆ ಇದೊಂದು ನಿದರ್ಶನ.

ಮತ್ತೊಂದು ವಾದ್ಯಸಮೂಹವು ತಾಸಾ. ಬಟ್ಟಲಿನಾಕಾರದ ಮಣ್ಣಿನ ಪಾತ್ರೆಗೆ ಆಡಿನ ಚರ್ಮವನ್ನು ಬಿಗಿದು, ಬೆಂಕಿಯಲ್ಲಿ ಕಾಯಿಸಿ ಶ್ರುತಿಯನ್ನು ಏರಿಸಿ, ಎರಡು ಕಡ್ಡಿಗಳಿಂದ ಬಾರಿಸುವರು. ಮುಖ್ಯ ತಾಸಾವು ನುಡಿಸುವ ವಿಸ್ತಾರಗಳಿಗೆ ಎರಡನೆಯ ತಾಸಾವು ತಳಹದಿಯನ್ನು ಕೊಡುವುದು; ದೊಡ್ಡ ಧೋಲೂ ಕಂಚಿನ ಝಾಂಜೂ ಜೊತೆಗೂಡುವುವು. ಟ್ರಿನಿಡಾಡಿನಲ್ಲಿ ಇದು ಹಿಂದೂ ವಿವಾಹಕ್ಕೂ, ಮುಸಲ್ಮಾನರ ಮೊಹರಮ್ಮಿಗೂ ಸಮಾನವಾಗಿ ಸಲ್ಲುವ ವಾದ್ಯ.

ಮೊಹರಮ್ಮನ್ನು ಅಲ್ಲಿ 'ಹೋಸೇ' ಎಂದು ಕರೆಯುವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳು ಅಲಾಯಿ ಹಬ್ಬದಲ್ಲಿ ಭಾಗಿಗಳಾಗುವಂತೆಯೇ ಅಲ್ಲಿಯೂ ಹಿಂದೂಗಳು ಹೋಸೇ ಮೆರವಣಿಗೆಯಲ್ಲಿ ಸೇರುತ್ತಿದ್ದರು. ಕಬ್ಬಿನ ತೋಟಗಳ ಕೂಲಿಗಳೆಲ್ಲರೂ ಒಂದಾಗಿ ಬೀದಿಗಿಳಿಯುವ ಈ ದಿನವನ್ನು ಸರ್ಕಾರವು ಶಂಕೆಯಿಂದ ನೋಡಿತು. ೧೮೮೪ರಲ್ಲಿ ಮೆರವಣಿಗೆಗಳು ಪಟ್ಟಣವನ್ನು ಪ್ರವೇಶಿಸಕೂಡದೆಂದು ಆಜ್ಞೆಯಾಯಿತು. ಅಕ್ಟೋಬರ್ ೩೦ರಂದು ತಾಜಿಯಾಗಳನ್ನು ಹೊತ್ತ ಜನರು ಎಂದಿನಂತೆ ಸ್ಯಾನ್ ಫರ್ನಾಂಡೊ ನಗರದ ಕಡೆಗೆ ನಡೆದಾಗ ಅವರ ಮೇಲೆ ಗುಂಡು ಹಾರಿಸಲಾಯಿತು. ಕನಿಷ್ಠಪಕ್ಷ ೧೬ ಮಂದಿ ಸತ್ತು, ನೂರಕ್ಕಿಂತ ಹೆಚ್ಚು ಮಂದಿ ಗಾಯಗೊಂಡರು. ಒಂದು ವಾದ್ಯವನ್ನು ಬಾರಿಸುತ್ತ ಒಂದು ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ ಪ್ರಾಣಗಳು ಹೋದವೆಂಬುದನ್ನು ನೆನೆದರೆ, ಆ ಜನರಿಗೆ ಕಲೆಯು ಕೇವಲ ವಿನೋದವಾಗಿರಲಿಲ್ಲವೆಂಬುದು ವೇದ್ಯವಾಗುತ್ತದೆ.

೬. ಚಲಚ್ಚಿತ್ರ ಮತ್ತು ಬಾನುಲಿ

೧೯೩೫ರಲ್ಲಿ 'ಬಾಲ ಜೋಬನ್' ಎಂಬ ಹಿಂದಿ ಚಲಚ್ಚಿತ್ರವು ಟ್ರಿನಿಡಾಡಿಗೆ ಬಂದಿತು. ಆ ದ್ವೀಪದಲ್ಲಿ ಪ್ರದರ್ಶಿತವಾದ ಮೊದಲನೆಯ ಭಾರತೀಯ ಚಿತ್ರ ಅದೇ. ಹಡಗುಗಳು ನಿಂತು ಹದಿನೆಂಟು ವರ್ಷಗಳಾಗಿದ್ದ ಕಾಲದಲ್ಲಿ, ಅಜ್ಜ ಅಜ್ಜಿಯರು ಬಾಯಲ್ಲಿ ವರ್ಣಿಸುತ್ತಿದ್ದ ದೇಶವು ಕಣ್ಣಿಗೆ ಕಾಣಿಸಿತು. ಅಲ್ಲಿಂದ ಮುಂದೆ ಚಿತ್ರಗೀತೆಯೇ ಭಾರತೀಯ ಸಂಗೀತದ ಆದರ್ಶವಾಗಿ ಪರಿಣಮಿಸಿತು. ೧೯೪೭ರಲ್ಲಿ ಕಮಾಲುದ್ದೀನ್ ಮಹಮದ್ ಎಂಬವರು ಬಾನುಲಿಯಲ್ಲಿ ಭಾರತೀಯ ಕಾರ್ಯಕ್ರಮವನ್ನು ನಡೆಸಲಾರಂಭಿಸಿದರು. ಅವರ ಸಹೋದರರಾದ ಶಾಮ್ ಮಹಮದರು ೧೯೭೦ರಲ್ಲಿ 'ಮಸ್ತಾನಾ ಬಹಾರ್' ಎಂಬ ದೂರದರ್ಶನ ಸ್ಪರ್ಧೆಯನ್ನು ಸ್ಥಾಪಿಸಿದರು. ಊರೂರುಗಳ ಗಾಯಕರಿಗೂ ನರ್ತಕರಿಗೂ ರಂಗಸ್ಥಳವನ್ನು ಒದಗಿಸಿದ ಕೀರ್ತಿ ಈ ಸ್ಪರ್ಧೆಗೆ ಸಲ್ಲಬೇಕು.

ಆದರೆ ಇದರಿಂದ ಒಂದು ಸಂಕಟವೂ ಉಂಟಾಯಿತು. ಚಿತ್ರಗೀತೆಯನ್ನು ಎಷ್ಟು ಚೆನ್ನಾಗಿ ಅನುಕರಿಸಿದರೂ ಅದು ಅನುಕರಣವೇ. ಮುಂಬಯಿಯ ಗಾಯಕಿಯ ಕಂಠವೇ ಪ್ರಮಾಣವಾದರೆ ಟ್ರಿನಿಡಾಡಿನ ಗಾಯಕಿಯು ಎಂದೆಂದಿಗೂ ಎರಡನೆಯವಳು. ಇತ್ತ ಅಜ್ಜಿಯರ ಮಟಿಕೋರ್ ಹಾಡುಗಳಾದರೋ ಒರಟೆಂದೂ ಹಳ್ಳಿಗಾಡಿನದೆಂದೂ ಸುಶಿಕ್ಷಿತರಿಗೆ ನಾಚಿಕೆಯನ್ನು ತರುತ್ತಿದ್ದುವು. ಹೀಗೆ ಒಂದು ಕಡೆ ತಲಪಲಾರದ ಆದರ್ಶ, ಇನ್ನೊಂದು ಕಡೆ ಒಪ್ಪಲಾರದ ಆಸ್ತಿ. ಈ ಎರಡರ ನಡುವಿನಿಂದ ಚಟ್ನಿಯು ಹೊರಬಂದಿತು.

೭. ಚಟ್ನಿಯ ಉದಯ

೧೯೬೮ರಲ್ಲಿ ಸುರಿನಾಮಿನ ದ್ರೋಪತಿ ಎಂಬ ಗಾಯಕಿಯ ವಿವಾಹಗೀತೆಗಳು ಧ್ವನಿಮುದ್ರಿಕೆಯಾಗಿ ಹೊರಬಂದು, ಮದುವೆಯ ಮನೆಯ ಹಾಡು ಅಂಗಡಿಗೆ ಬಂದಿತು. ಅನಂತರ, ೧೯೭೦ರ ಸುಮಾರಿನಲ್ಲಿ, ಟ್ರಿನಿಡಾಡಿನ ಬ್ಯಾರಕ್‌ಪೋರ್ ಪ್ರಾಂತದಲ್ಲಿ ೧೯೪೩ರಲ್ಲಿ ಹುಟ್ಟಿದ ಸುಂದರ್ ಪೋಪೋ ಎಂಬವನು ನಾನಾ ನಾನಿಯರನ್ನು, ಎಂದರೆ ತಾಯಿಯ ತಂದೆತಾಯಿಗಳನ್ನು ಕುರಿತ ಒಂದು ವಿನೋದದ ಹಾಡಿನಿಂದ ದ್ವೀಪದಲ್ಲೆಲ್ಲ ಪ್ರಸಿದ್ಧನಾದನು. ವೃದ್ಧದಂಪತಿಗಳ ಪಾನವಿನೋದವನ್ನು ವರ್ಣಿಸುವ ಆ ಹಾಡಿನ ವಿಶೇಷವು ವಸ್ತುವಿಗಿಂತ ಭಾಷೆಯಲ್ಲಿದೆ: ಹಿಂದಿಯ ನುಡಿಗಳ ಬೆನ್ನಿಗೆ ಟ್ರಿನಿಡಾಡಿನ ಆಡುಮಾತಿನ ಆಂಗ್ಲವು ಬರುವುದು. ಸಂಸ್ಕೃತ ಕನ್ನಡಗಳ ಮಣಿಪ್ರವಾಳವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಅಜ್ಜಿಯ ಭಾಷೆಯೂ ಮೊಮ್ಮಗನ ಭಾಷೆಯೂ ಒಂದೇ ಹಾಡಿನಲ್ಲಿ ಕೂಡಿದುದರಿಂದ ಇಬ್ಬರೂ ಅದನ್ನು ತಮ್ಮದೆಂದು ಒಪ್ಪಿದರು.

ಇಂತಹ ಗೀತಗಳಿಗೆ ಚಟ್ನಿಯೆಂಬ ಹೆಸರು ರೂಢಿಗೆ ಬಂದಿತು. ಖಾರ, ಹುಳಿ, ಸಿಹಿಗಳು ಕೂಡಿ ನಾಲಿಗೆಯನ್ನು ಚುರುಕುಗೊಳಿಸುವ ವ್ಯಂಜನದ ಹೆಸರು ವೇಗವೂ ಶೃಂಗಾರವೂ ಹಾಸ್ಯವೂ ಬೆರೆತ ಗಾನಕ್ಕೆ ಒಪ್ಪುವಂತಿದೆ. ರಸವೆಂಬ ಶಬ್ದವೂ ಮೊದಲು ನಾಲಿಗೆಯದಾಗಿದ್ದು ಬಳಿಕ ಕಾವ್ಯದ್ದಾಯಿತಷ್ಟೆ. ಚಟ್ನಿಯಿಲ್ಲದೆ ಫುಲೌರಿಯನ್ನು ತಿನ್ನುವುದು ಹೇಗೆಂಬ ಅರ್ಥದ ಪೋಪೋನ ಒಂದು ಹಾಡನ್ನು ಮುಂಬಯಿಯ ಬಾಬ್ಲಾ ಮತ್ತು ಕಾಂಚನ್ ದಂಪತಿಗಳು ತಾವೂ ಹಾಡಿ ಭಾರತದಲ್ಲಿ ಹರಡಿದರು. ನೂರು ವರ್ಷಗಳ ಹಿಂದೆ ಭಾರತದಿಂದ ಹೋದುದು ಹೊಸ ರೂಪದಲ್ಲಿ ಭಾರತಕ್ಕೆ ಮರಳಿತು.

ಇದೇ ಕಾಲದಲ್ಲಿ ಆಫ್ರಿಕ ಮೂಲದವರ ಸಂಗೀತದಲ್ಲಿಯೂ ಒಂದು ಪರಿವರ್ತನೆ ನಡೆಯಿತು. ಭಾರತೀಯರ ನೆರೆಯಲ್ಲಿ ಬೆಳೆದ ಲಾರ್ಡ್ ಶಾರ್ಟಿ ಎಂಬ ಕ್ಯಾಲಿಪ್ಸೊ ಗಾಯಕನು ೧೯೭೦ರ ದಶಕದಲ್ಲಿ ಕ್ಯಾಲಿಪ್ಸೊವಿಗೆ ಧೋಲಕ್, ಧಂತಾಲಗಳ ಲಯವನ್ನು ಬೆರೆಸಿ 'ಸೋಕಾ' ಎಂಬ ಹೊಸ ಪ್ರಕಾರವನ್ನು ನಿರ್ಮಿಸಿದನು. ಆತನೇ ಹೇಳಿದಂತೆ ಆ ಹೆಸರಿನ ಮೊದಲನೆಯ ಅಕ್ಷರವು ಕ್ಯಾಲಿಪ್ಸೊವಿನ ಕೊನೆಯದು. ಎರಡನೆಯದು ಭಾರತೀಯ ವರ್ಣಮಾಲೆಯ ಮೊದಲನೆಯ ವ್ಯಂಜನವಾದ ಕಕಾರ. ೧೯೮೭ರಲ್ಲಿ ದ್ರುಪತೀ ರಾಮಗೂನಾಯ್ ಎಂಬ ಭಾರತೀಯ ಮೂಲದ ತರುಣಿಯು ಚಟ್ನಿಯನ್ನೂ ಸೋಕಾವನ್ನೂ ಸೇರಿಸಿ 'ಚಟ್ನೀ ಸೋಕಾ' ಎಂಬ ಹೆಸರಿನಿಂದಲೇ ಹಾಡಿದಳು. ಮರುವರ್ಷ ತಾಸಾ ವಾದ್ಯವನ್ನು ಕೊಂಡಾಡುವ ಹಾಡಿನಿಂದ ಕಾರ್ನಿವಲ್ ಉತ್ಸವದಲ್ಲಿ ಹೆಸರಾದಳು. ೧೯೯೬ರಲ್ಲಿ ಚಟ್ನೀ ಸೋಕಾ ಗಾಯಕರಿಗಾಗಿ ಪ್ರತ್ಯೇಕ ಸ್ಪರ್ಧೆಯು ಏರ್ಪಟ್ಟು, ಸೋನೀ ಮಾನ್ ಎಂಬವನು ಮೊದಲನೆಯ ಕಿರೀಟವನ್ನು ಪಡೆದನು.

೮. ಪೂರ್ವಪಕ್ಷ

ಈ ಬೆಳವಣಿಗೆಯನ್ನು ಎಲ್ಲರೂ ಹರ್ಷದಿಂದ ಸ್ವಾಗತಿಸಲಿಲ್ಲ. ಭಾರತೀಯ ಸಮಾಜದ ಒಳಗಿನಿಂದಲೇ ತೀವ್ರವಾದ ಆಕ್ಷೇಪಗಳು ಎದ್ದವು. ಅವುಗಳನ್ನು ನಾಲ್ಕಾಗಿ ಸಂಗ್ರಹಿಸಬಹುದು.

ಒಂದನೆಯದು, ಭಾಷೆಯು ಭ್ರಷ್ಟವಾಗಿದೆ. ಹಾಡುವವರಿಗೇ ಅರ್ಥ ತಿಳಿಯದು. ಎರಡನೆಯದು, ರಸವು ಕೀಳಾಗಿದೆ. ಶೃಂಗಾರವು ಗ್ರಾಮ್ಯಕ್ಕೆ ಇಳಿದು, ಭಕ್ತಿಯ ಸ್ಥಾನದಲ್ಲಿ ಮದ್ಯದ ಸ್ತುತಿ ಬಂದಿದೆ. ಮೂರನೆಯದು, ಸ್ತ್ರೀಯರು ಸ್ತ್ರೀಯರ ಮುಂದೆ ಮಾತ್ರ ಮಾಡುತ್ತಿದ್ದ ಕುಣಿತವು ಪುರುಷರ ಮುಂದೆ, ಹಣ ಕೊಟ್ಟು ಒಳಬಂದವರ ಮುಂದೆ ನಡೆಯುತ್ತಿದೆ. ಇದು ಕುಲದ ಗೌರವಕ್ಕೆ ಹಾನಿ. ನಾಲ್ಕನೆಯದು, ಆಫ್ರಿಕ ಮೂಲದವರ ಲಯದೊಡನೆ ಬೆರೆತರೆ, ಸಂಖ್ಯೆಯಲ್ಲಿ ಸಮಬಲವಾದ ಎರಡು ಜನಾಂಗಗಳಿರುವ ದೇಶದಲ್ಲಿ ಭಾರತೀಯರ ಪ್ರತ್ಯೇಕತೆಯೇ ಕರಗಿ ಹೋಗುವುದು. ದ್ರುಪತಿಯು ಕಾರ್ನಿವಲ್ಲಿನ ರಂಗವನ್ನೇರಿದಾಗ ಈ ಮೂರನೆಯ ಮತ್ತು ನಾಲ್ಕನೆಯ ಆಕ್ಷೇಪಗಳು ಒಟ್ಟಾಗಿ ಆಕೆಯ ಮೇಲೆ ಬಿದ್ದುವು.

೯. ಸಮಾಧಾನ

ಮೊದಲನೆಯ ಆಕ್ಷೇಪಕ್ಕೆ ವ್ಯಾಕರಣಶಾಸ್ತ್ರದಲ್ಲಿಯೇ ಉತ್ತರವಿದೆ. ಗೋ ಎಂಬ ಒಂದು ಸಾಧುಶಬ್ದಕ್ಕೆ ಗಾವೀ, ಗೋಣೀ, ಗೋತಾ ಮೊದಲಾಗಿ ಅನೇಕ ಅಪಭ್ರಂಶಗಳುಂಟೆಂದು ಪತಂಜಲಿಯು ಮಹಾಭಾಷ್ಯದಲ್ಲಿ ತೋರಿಸಿರುವನು. ಅವನಿಗೆ ಅಪಭ್ರಂಶವು ದೋಷವೇ ಸರಿ. ಆದರೆ ಕಾಲಾಂತರದಲ್ಲಿ ಅಪಭ್ರಂಶವೇ ಒಂದು ಸಾಹಿತ್ಯಭಾಷೆಯ ಹೆಸರಾಯಿತು; ಉತ್ತರ ಭಾರತದ ದೇಶಭಾಷೆಗಳಿಗೆ ಅದೇ ಮಾರ್ಗವಾಯಿತು. ಯಾವ ಭೋಜಪುರಿಯು ಕೆಟ್ಟಿತೆಂದು ಆಕ್ಷೇಪಕರು ದುಃಖಿಸುವರೋ ಆ ಭೋಜಪುರಿಯೇ ಹಿಂದೊಮ್ಮೆ ಪಂಡಿತರ ಕಿವಿಗೆ ಕೆಟ್ಟ ಮಾತಾಗಿತ್ತು.

ಎರಡನೆಯ ಆಕ್ಷೇಪದಲ್ಲಿ ಸತ್ಯಾಂಶವುಂಟು. ಮದ್ಯವನ್ನು ಹೊಗಳುವ ಹಾಡುಗಳು ಹೆಚ್ಚಿರುವುದು ನಿಜ. ಕಬ್ಬಿನಿಂದ ಆದ ಮದ್ಯವು ಕಬ್ಬಿನ ಗದ್ದೆಯಲ್ಲಿ ದುಡಿದವರ ಮನೆಗಳನ್ನೇ ಹಾಳುಮಾಡಿದುದೂ ನಿಜ. ಆದರೆ ಇದು ಕೆಲವು ಹಾಡುಗಳ ದೋಷವೇ ಹೊರತು ಪ್ರಕಾರದ ದೋಷವಲ್ಲ. ಗ್ರಾಮ್ಯವಾದ ಶ್ಲೋಕಗಳಿವೆಯೆಂದು ಅನುಷ್ಟುಪ್ ಛಂದಸ್ಸನ್ನು ಯಾರೂ ತ್ಯಜಿಸಿಲ್ಲ.

ಮೂರನೆಯದು ಹೆಚ್ಚು ಕಠಿನವಾದುದು. ಗೌರವಕ್ಕೆ ಹಾನಿಯೆಂಬವರು ಗೌರವದ ಭಾರವನ್ನು ಸ್ತ್ರೀಯರ ಮೇಲೆ ಮಾತ್ರ ಹೊರಿಸಿದರೆಂಬುದು ಸ್ಪಷ್ಟ. ಕುಡಿದು ಹಾಡುವ ಪುರುಷನಿಗೆ ವಿನಾಯಿತಿ, ಕುಣಿಯುವ ಹೆಂಗಸಿಗೆ ನಿಂದೆ ಎಂಬ ನ್ಯಾಯವು ನ್ಯಾಯವಲ್ಲ. ಆದರೂ ಇಲ್ಲಿ ನಿಜವಾದ ನಷ್ಟವೊಂದು ಉಂಟು. ಆಕ್ಷೇಪಕರು ಅದನ್ನು ಹೇಳಲಿಲ್ಲ. ಮಟಿಕೋರಿನಲ್ಲಿ ಹಾಡಿದವರೂ ಕೇಳಿದವರೂ ನಕ್ಕವರೂ ಸ್ತ್ರೀಯರೇ. ಹಾಡು ಧ್ವನಿಮುದ್ರಿಕೆಗೂ ಸ್ಪರ್ಧೆಗೂ ಬಂದಾಗ ಹಾಡುವವರಲ್ಲಿ ಪುರುಷರು ಹೆಚ್ಚಾದರು. ಸ್ತ್ರೀಯು ಅನೇಕ ವೇಳೆ ಹಾಡಿನ ವಸ್ತುವಾಗಿ, ರಂಗದ ನರ್ತಕಿಯಾಗಿ ಹಿಂದೆ ಸರಿದಳು. ತನ್ನದಾಗಿದ್ದ ಒಂದು ರಾತ್ರಿಯು ಎಲ್ಲರದ್ದಾದಾಗ ಆಕೆಗೆ ದೊರೆತುದೆಷ್ಟು, ಹೋದುದೆಷ್ಟು ಎಂದು ಎಣಿಸದೆ ಚಟ್ನಿಯ ಚರಿತ್ರೆ ಪೂರ್ಣವಾಗದು. ದ್ರುಪತಿಯ ಮಹತ್ತ್ವವಿರುವುದೂ ಇಲ್ಲಿಯೇ: ಆಕೆ ಕುಣಿತದ ಜೊತೆಗೆ ಧ್ವನಿಯನ್ನೂ ಬಯಲಿಗೆ ತಂದಳು.

ನಾಲ್ಕನೆಯ ಆಕ್ಷೇಪಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಬೆರೆತುದರಿಂದ ಭಾರತೀಯರ ಗುರುತು ಅಳಿಯಲಿಲ್ಲ; ಅದು ಅನ್ಯರಿಗೂ ಪರಿಚಿತವಾಯಿತು. ೧೯೯೫ರಲ್ಲಿ ಆಫ್ರಿಕ ಮೂಲದ ಬ್ಲ್ಯಾಕ್ ಸ್ಟಾಲಿನ್ ಎಂಬ ಗಾಯಕನು ಕ್ಯಾಲಿಪ್ಸೊ ಕಿರೀಟವನ್ನು ಗೆದ್ದಾಗ ಹಾಡಿದ ಎರಡು ಹಾಡುಗಳಲ್ಲಿ ಒಂದು ಸುಂದರ್ ಪೋಪೋನ ಪ್ರಶಂಸೆ. ಇತ್ತ ಭಾರತೀಯ ಮೂಲದ ಜಿತ್ ಸಮಾರೂ ಆಫ್ರಿಕ ಮೂಲದವರು ನಿರ್ಮಿಸಿದ ಉಕ್ಕಿನ ಪೀಪಾಯಿಯ ವಾದ್ಯಕ್ಕೆ ಸಂಗೀತವನ್ನು ಅಳವಡಿಸಿ, ರೆನಗೇಡ್ಸ್ ತಂಡಕ್ಕೆ ಪನೋರಮಾ ಸ್ಪರ್ಧೆಯಲ್ಲಿ ೯ ಬಾರಿ ವಿಜಯವನ್ನು ತಂದುಕೊಟ್ಟನು. ಎರಡು ಕಡೆಯಿಂದಲೂ ಸೇತುವೆ ಕಟ್ಟಲ್ಪಟ್ಟಿತು. ರಾಜಕೀಯದಲ್ಲಿ ಜನಾಂಗಗಳ ಪೈಪೋಟಿ ನಿಂತಿತೆಂದು ಇದರಿಂದ ಹೇಳಲಾಗದು. ಹಾಡಿನಿಂದ ಮತಗಳು ಎಣಿಕೆಯಾಗುವುದಿಲ್ಲ. ಆದರೆ ಪೈಪೋಟಿ ಮಾಡುವವರು ಪರಸ್ಪರ ಅಪರಿಚಿತರಾಗಿ ಉಳಿಯಲಿಲ್ಲವೆಂಬುದು ಅಲ್ಪಲಾಭವಲ್ಲ.

೧೦. ಎರಡನೆಯ ವಲಸೆ

ಇನ್ನು ಒಂದು ವಿಷಯವುಳಿದಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆರಿಬಿಯನ್ ಭಾರತೀಯರಲ್ಲಿ ಅನೇಕರು ಮತ್ತೊಮ್ಮೆ ವಲಸೆ ಹೋದರು. ೧೯೭೫ರಲ್ಲಿ ಸುರಿನಾಮ್ ಸ್ವತಂತ್ರವಾದ ಸಮಯದಲ್ಲಿ ಬಹುಮಂದಿ ನೆದರ್ಲೆಂಡ್ಸಿಗೆ ತೆರಳಿದರು. ಟ್ರಿನಿಡಾಡ್ ಮತ್ತು ಗಯಾನಗಳವರು ಟೊರಾಂಟೊವಿನಲ್ಲಿಯೂ ನ್ಯೂಯಾರ್ಕಿನ ರಿಚ್ಮಂಡ್ ಹಿಲ್ಲಿನಲ್ಲಿಯೂ ನೆಲಸಿದರು. ಅಲ್ಲಿ ನೇರವಾಗಿ ಭಾರತದಿಂದ ಬಂದವರು ಇವರ ಮಾತನ್ನು ಕೇಳಿ ಭಾರತೀಯರಲ್ಲವೆನ್ನುವರು. ಉಳಿದವರು ಮುಖವನ್ನು ನೋಡಿ ಕೆರಿಬಿಯನ್ನರಲ್ಲವೆನ್ನುವರು. ಇಂತಹವರು ಮದುವೆಯ ಮನೆಯಲ್ಲಿ ಧಂತಾಲದ ನಾದವನ್ನು ಕೇಳಿದೊಡನೆ ತಮ್ಮವರು ಇಲ್ಲಿದ್ದಾರೆಂದು ಅರಿಯುವರು. ಅವರಿಗೆ ಚಟ್ನಿಯು ನೆನಪಿಸುವ ತವರು ಗಂಗಾತೀರವಲ್ಲ. ಕಬ್ಬಿನ ಗದ್ದೆಗಳ ನಡುವಿನ ಟ್ರಿನಿಡಾಡಿನ ಹಳ್ಳಿ. ಪ್ರಥಮದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರವಾಗಿದೆ. ಎರಡನೆಯ ವಲಸೆಯಲ್ಲಿ ಯಾವ ನೆಲವು ತವರಾಗಿ ನೆನಪಾಗುವುದೋ ಆ ನೆಲದ ದೇಶಿ ಅದು.

೧೧. ಉಪಸಂಹಾರ

ಟ್ರಿನಿಡಾಡಿನ ಫೆಲಿಸಿಟಿ ಎಂಬ ಗ್ರಾಮದಲ್ಲಿ ನಡೆಯುವ ರಾಮಲೀಲೆಯನ್ನು ಕುರಿತು ಸೇಂಟ್ ಲೂಸಿಯದ ಕವಿ ಡೆರೆಕ್ ವಾಲ್ಕಾಟನು ೧೯೯೨ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸುತ್ತ ಪ್ರಸ್ತಾಪಿಸಿದನು. ತಾನು ಮೊದಲು ಅದನ್ನು ದೂರದ ಯಾವುದೋ ಮೂಲದ ಕುಂದಿದ ಪ್ರತಿಧ್ವನಿಯೆಂಬಂತೆ, ನಾಟಕವೆಂಬಂತೆ ನೋಡಿದೆನೆಂದೂ, ಅಲ್ಲಿದ್ದುದು ನಷ್ಟವಲ್ಲ, ನಂಬಿಕೆಯೆಂದು ಬಳಿಕ ತಿಳಿಯಿತೆಂದೂ ಆತನು ಒಪ್ಪಿಕೊಂಡನು. ಭಾರತದಲ್ಲಿ ಕುಳಿತು ಚಟ್ನಿಯನ್ನು ಕೇಳುವವರಿಗೂ ಈ ತಪ್ಪು ಸುಲಭವಾಗಿ ಸಂಭವಿಸುವುದು. ಮೂಲದೊಡನೆ ಹೋಲಿಸಿ ಕೊರತೆಗಳನ್ನು ಎಣಿಸುವುದು ವಿದ್ವಾಂಸರ ಅಭ್ಯಾಸ. ಆದರೆ ಮಣ್ಣನ್ನು ಅಗೆದು ತರುವ ಆ ಹೆಂಗಸರು ತರುತ್ತಿದ್ದುದು ಬಿಹಾರದ ಮಣ್ಣನ್ನಲ್ಲ. ತಮ್ಮ ಕಾಲಡಿಯಲ್ಲಿದ್ದ ದ್ವೀಪದ ಮಣ್ಣನ್ನೇ ಪೂಜಿಸಿ, ಅದರಲ್ಲಿಯೇ ಮಂಗಳವನ್ನು ಕೋರಿದರು. ಅವರ ಹಾಡನ್ನೂ ಹಾಗೆಯೇ ಪರಿಗ್ರಹಿಸುವುದು ಯುಕ್ತ.